ಬಾಟಲಿ ನೀರಲ್ಲಿ ಉಬ್ಬಿದ ಗೊಬ್ಬರ

ನಮ್ಮೂರಿನ ಹಾಲಿನ ಡೇರಿ ಕಟ್ಟಡದಲ್ಲಿ ಆ ಮನುಷ್ಯ ಗಾಜಿನ ಲೋಟವೊಂದನ್ನು ತಲೆಕೆಳಗು ಮಾಡಿ ಹಿಡಿದಾಗ, ಸೇರಿದ್ದ ಮೂವತ್ತು ನಲವತ್ತು ಜನ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರನ್ನು ಸಾಕಷ್ಟು ಬಯ್ಯುವುದಿದೆ.

ದೇವನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ನಾನು ಲ್ಯಾಬ್ ಅಟೆಂಡರ್ ಆಗಿದ್ದವನು. ಮೇಷ್ಟ್ರು ಪ್ರಯೋಗ ಮಾಡಿ ತೋರಿಸೋರು, ನಾನು ಬೀಕರ್ ತೊಳೆಯೋನು. ಸರ್ವೀಸೆಲ್ಲ ಹಾಗೇ ಕಳೆಯಿತು. ನಿವೃತ್ತಿಯಾದ ಮೇಲೆ ಕುಂದಾಣದ ಹತ್ತಿರ ನನ್ನ ಹೆಂಡತಿಗೆ ತವರಿನಿಂದ ಬಂದ ಒಂದೂವರೆ ಎಕರೆಗೆ ಬಂದು ಸೇರಿಕೊಂಡೆ. ಬೇಸಾಯ ಅವಳದು. ಟೊಮ್ಯಾಟೊ, ಹುರುಳಿಕಾಯಿ, ನವಿಲುಕೋಸು, ಯಾವುದಕ್ಕೆ ಯಾವಾಗ ಏನು ಬೇಕೆಂದು ಅವಳಿಗೆ ಗಿಡ ನೋಡಿದರೆ ಗೊತ್ತಾಗುತ್ತದೆ. ನನಗೆ ಪಂಪು ಹಾಕುವುದು, ಆರಿಸುವುದು, ಡ್ರಿಪ್ ಪೈಪಿನಲ್ಲಿ ಕಟ್ಟಿಕೊಂಡ ಸುಣ್ಣದಂಥ ಹಿಟ್ಟನ್ನು ಪಿನ್ನು ಚುಚ್ಚಿ ಬಿಡಿಸುವುದು, ಇಷ್ಟೇ ಹುದ್ದೆ. ಆದರೂ ಊರಲ್ಲಿ ನನ್ನನ್ನು ಎಲ್ಲರೂ 'ಸೈನ್ಸ್ ಮೇಷ್ಟ್ರು' ಅಂತಲೇ ಕರೆಯುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ಡೇರಿಗೆ ಬಂದಿದ್ದವನು ಒಂದು ಕಂಪನಿಯ ಪ್ರತಿನಿಧಿ. ಮೈಮೇಲಿನ ಬಟ್ಟೆ ಸಾಧಾರಣವೇ, ಕಾಲಿಗೆ ಮಾತ್ರ ಹಾಲಿನಂಥ ಬಿಳಿ ಶೂ. ಕೆಂಪು ಮಣ್ಣಿನ ನಮ್ಮೂರಿಗೆ ಬಿಳಿ ಶೂ ಹಾಕಿಕೊಂಡು ಬಂದವನಿಗೆ ಹೊಲಕ್ಕೆ ಇಳಿಯುವ ಉದ್ದೇಶವೇ ಇರಲಿಲ್ಲ ಎಂದು ಅವತ್ತೇ ಅರ್ಥವಾಗಬೇಕಿತ್ತು. ಅವನ ಕೈಯಲ್ಲಿ ಸಬ್ಬಕ್ಕಿಗಿಂತ ಸಣ್ಣ ಹರಳುಗಳ ಪೊಟ್ಟಣ. ಹೈಡ್ರೋಜೆಲ್ ಎಂದ. ಈ ಹರಳಿನೊಳಗೇ ಗೊಬ್ಬರ ತುಂಬಿದೆ, ಬೇರಿನ ಹತ್ತಿರ ಒಂದು ಚಿಟಿಕೆ ಹಾಕಿದರೆ ನೀರು ಕುಡಿದು ಜೆಲ್ಲಿಯಾಗುತ್ತದೆ, ಗಿಡಕ್ಕೆ ಹಸಿವಾದಾಗ ಹಸಿವಾದಷ್ಟು ಬಿಡುತ್ತದೆ, ಬೆಳೆ ಮುಗಿಯುವ ಹೊತ್ತಿಗೆ ಹುಳು ಹುಪ್ಪಟೆಗಳು ತಿಂದು ಮಣ್ಣಲ್ಲಿ ಮಣ್ಣಾಗಿಹೋಗುತ್ತದೆ ಎಂದ. ಹೇಳುವಾಗ ಗಿಡದ ಹಸಿವನ್ನು ಅಭಿನಯಿಸಿಯೂ ತೋರಿಸಿದ. ಆಮೇಲೆ ಲೋಟಕ್ಕೆ ಒಂದು ಚಮಚ ಹರಳು ಸುರಿದು, ಬಾಟಲಿಯೊಂದರ ಸೀಲು ಒಡೆದು ಅದರ ನೀರು ಹುಯ್ದ. ಎಲ್ಲರಿಗೂ ಟೀ ಕೊಟ್ಟು ಮುಗಿಯುವಷ್ಟರಲ್ಲಿ ಲೋಟದ ತುಂಬ ಹೊಳೆಯುವ ಜೆಲ್ಲಿ. ತಲೆಕೆಳಗು ಮಾಡಿದರೆ ಒಂದು ತೊಟ್ಟೂ ಬೀಳಲಿಲ್ಲ.

ಬೀಕರ್ ತೊಳೆದು ತೊಳೆದು ಕೈ ಸವೆಸಿಕೊಂಡ ನನಗೆ 'ಅದ್ಯಾವ ನೀರು ಸ್ವಾಮಿ?' ಎಂದು ಕೇಳಬೇಕು ಅಂತ ಹೊಳೆಯಲಿಲ್ಲ. ಚಪ್ಪಾಳೆ ಹೊಡೆದೆ. ಅದೇ ಮುಳುವಾಯಿತು. ಬಿಳಿ ಶೂ ನೇರವಾಗಿ ನನ್ನ ಹತ್ತಿರ ಬಂದು, "ಸಾರ್, ನಿಮ್ಮಂಥ ಓದಿಕೊಂಡಿರೋ ರೈತರೇ ನಮಗೆ ಬೇಕು" ಅಂದ. ನನ್ನ ತಲೆಗೊಂದು ಹಸಿರು ಟೋಪಿ ಇಟ್ಟ. ಟೋಪಿಯ ಮೇಲೆ 'ಪ್ರಗತಿಪರ ರೈತ' ಎಂದು ಬರೆದಿತ್ತು. ಟೋಪಿ ಹಾಕಿಸಿಕೊಂಡು ಅಷ್ಟು ಖುಷಿಯಾಗಿ ಮನೆಗೆ ಹೋದ ಇನ್ನೊಬ್ಬನನ್ನು ನಾನು ನೋಡಿಲ್ಲ.

ಮನೆಯಲ್ಲಿ ಹೆಂಡತಿ ಟೋಪಿ ಓದಿ, "ಯಾವ ಬೆಳೆ ಬೆಳ್ದಿದೀಯ ನೀನು?" ಅಂತ ಕೇಳಿದಳು. ಪೈಪಿಗೆ ಪಿನ್ನು ಚುಚ್ಚುವುದೂ ಕೃಷಿಯೇ ಎಂದು ವಾದಿಸಿದೆ.

ಪ್ರಯೋಗಕ್ಕೆ ನಮ್ಮ ಜಮೀನೇ ಆಗಬೇಕೆಂದು ಅವನು ಯಾಕೆ ಹಟ ಹಿಡಿದನೆಂದರೆ ಅದು ರಸ್ತೆಗೆ ಅಂಟಿಕೊಂಡಿದೆ. ವಿಮಾನ ನಿಲ್ದಾಣದ ಕಡೆಗೆ ಹೋಗುವ ಕಾರುಗಳೆಲ್ಲ ನಮ್ಮ ಬದುವಿನ ಪಕ್ಕದಲ್ಲೇ ಹೋಗಬೇಕು. ನಮ್ಮ ಮಣ್ಣನ್ನು ಅವನು ಮುಟ್ಟಿ ನೋಡಲಿಲ್ಲ, ನೀರನ್ನು ಕೇಳಲಿಲ್ಲ. ಟೊಮ್ಯಾಟೊ ಸಸಿ ನಾಟಿ ಮಾಡುವ ದಿನ ಇಬ್ಬರು ಆಳುಗಳನ್ನು ಕಳಿಸಿ ಗುಂಡಿಗುಂಡಿಗೂ ಹರಳು ಹಾಕಿಸಿದ. ಬೇರೆ ಗೊಬ್ಬರ ಕೊಡಬಾರದು, ನೀರು ಅರ್ಧಕ್ಕೆ ಇಳಿಸಬೇಕು ಎಂದು ಅಪ್ಪಣೆಯಾಯಿತು. ಹೆಂಡತಿ ಕೊನೆಯ ನಾಲ್ಕು ಸಾಲಿಗೆ ಅಡ್ಡ ನಿಂತಳು.

"ಈ ನಾಲ್ಕು ನನ್ ಪಾಡಿಗೆ ಬಿಡಿ. ನಾನು ಯಾವಾಗ್ಲೂ ಹೆಂಗೆ ಮಾಡ್ತೀನೋ ಹಂಗೇ ಮಾಡ್ತೀನಿ. ಆಮೇಲೆ ಎರಡನ್ನೂ ನೋಡೋಣ."

"ಹೋಲಿಕೆ ಯಾಕಮ್ಮ? ನಂಬಿಕೆ ಇದ್ರೆ ಸಾಕು," ಅಂದ ಬಿಳಿ ಶೂ.

"ನಂಬೋದಕ್ಕೆ ಮನೇಲಿ ದೇವ್ರಿದಾನೆ. ಇದು ಗೊಬ್ಬರ," ಅಂದಳು. ನಾನು ಅವಳನ್ನೇ ಸುಮ್ಮನಿರು ಎಂದು ಗದರಿದೆ. ಹೈಸ್ಕೂಲು ಲ್ಯಾಬಿನಲ್ಲಿ ಹೋಲಿಕೆಯಿಲ್ಲದೆ ಒಂದೇ ಒಂದು ಪ್ರಯೋಗ ನಡೆದದ್ದನ್ನು ಕಾಣದ ನಾನು ಗದರಿದೆ. ಟೋಪಿ ಅಷ್ಟು ಬಿಗಿಯಾಗಿತ್ತು.

ನಾಟಿಯಾಗಿ ಮೂರು ವಾರಕ್ಕೆ ಫೋಟೋ ತೆಗೆಯುವವರು ಬಂದರು. ಗಿಡ ಇನ್ನೂ ಮೊಣಕಾಲೆತ್ತರ, ಹೂವಿನ ಸುಳಿವೂ ಇಲ್ಲ. ಅವರು ಕಾರಿನ ಡಿಕ್ಕಿಯಿಂದ ಎರಡು ಕ್ರೇಟು ಟೊಮ್ಯಾಟೊ ಇಳಿಸಿದರು. ಹೊಸಕೋಟೆ ಮಾರ್ಕೆಟ್ಟಿಂದ ತಂದದ್ದಂತೆ. ಹಣ್ಣು ಒರೆಸಿ, ನೀರು ಚಿಮುಕಿಸಿ, ನನ್ನ ತೋಳಿಗೆ ಒಂದು ಮಂಕರಿ ಕೊಟ್ಟು "ನಗಿ ಸಾರ್" ಅಂದರು. ನಕ್ಕೆ. ಹದಿನೈದು ದಿನದಲ್ಲಿ ನಮ್ಮ ಬದುವಿನ ಮೇಲೆ ನನಗಿಂತ ಎರಡು ಪಟ್ಟು ಎತ್ತರದ ನಾನು ನಿಂತಿದ್ದೆ. ತಲೆಯ ಮೇಲೆ ಟೋಪಿ, ತೋಳಲ್ಲಿ ಯಾರೋ ಬೆಳೆದ ಹಣ್ಣು, ಕೆಳಗೆ 'ನನ್ನ ಯಶಸ್ಸಿನ ಗುಟ್ಟು' ಎಂಬ ದಪ್ಪಕ್ಷರ. ಬೋರ್ಡಿನ ಹಿಂದೆ ಯಶಸ್ಸು ಹಳದಿಗೆ ತಿರುಗುತ್ತಿತ್ತು.

ಹೌದು, ಹಳದಿ. ಕೆಳಗಿನ ಎಲೆಗಳಿಂದ ಶುರುವಾಗಿ ಮೇಲಕ್ಕೆ ಏರುತ್ತಿತ್ತು. ಹೆಂಡತಿಯ ನಾಲ್ಕು ಸಾಲು ಮಾತ್ರ ಕಪ್ಪು ಹಸಿರಾಗಿ, ಪಕ್ಕದವರನ್ನು ನೋಡಿ ಅಯ್ಯೋ ಅನ್ನುವ ಹಾಗೆ ನಿಂತಿದ್ದವು. ಬಿಳಿ ಶೂಗೆ ಫೋನು ಮಾಡಿದೆ.

"ಸಾರ್, ಗೊಬ್ಬರ ಈಗಷ್ಟೇ ನಿಧಾನಕ್ಕೆ ಬಿಡುಗಡೆ ಆಗ್ತಿರುತ್ತೆ. ತಾಳ್ಮೆ ಇರ್ಲಿ. ನಿಧಾನ ಅನ್ನೋದೇ ನಮ್ ಪ್ರಾಡಕ್ಟಿನ ವಿಶೇಷ."

"ಗಿಡ ಒಣಗೋದು ಜೋರಾಗೇ ನಡೀತಿದೆಯಲ್ಲಪ್ಪಾ," ಅಂದೆ.

"ಪಾಸಿಟಿವ್ ಆಗಿರಿ ಸಾರ್," ಅಂದು ಇಟ್ಟುಬಿಟ್ಟ. ಗಿಡಕ್ಕೆ ಸಾರಜನಕ ಸಾಲದೆ ಬಂದರೆ ರೈತ ಪಾಸಿಟಿವ್ ಆಗಿರಬೇಕು ಅನ್ನುವುದು ಯಾವ ಶಾಸ್ತ್ರವೋ ನನಗೆ ತಿಳಿಯದು.

ಬೇರು ಬಗೆದು ನೋಡಿದ್ದು ಹೆಂಡತಿ. ಕುಡುಗೋಲಿನ ತುದಿಯಿಂದ ಒಂದು ಗಿಡದ ಬುಡ ಬಿಡಿಸಿ ಅಂಗೈಯಲ್ಲಿ ಹರಳು ತಂದು ನನ್ನ ಮುಂದೆ ಹಿಡಿದಳು. ಡೇರಿಯಲ್ಲಿ ಗೋಲಿಯಷ್ಟು ಉಬ್ಬಿದ್ದ ಹರಳು ಇಲ್ಲಿ ಹೆಸರುಕಾಳಿನಷ್ಟಾಗಿತ್ತು. ಅದರ ಸುತ್ತ ಪೈಪಿನ ತೂತಿನಲ್ಲಿ ಕಟ್ಟುವಂಥದ್ದೇ ಬಿಳೀ ಹಿಟ್ಟು.

"ನಿಂದು ಸೈನ್ಸ್ ಅಲ್ವಾ, ಹೇಳು," ಅಂದಳು.

ಆಗ ತಲೆಯೊಳಗೆ ಏನೋ ಕದಲಿತು. ಮೂರು ಗಾಜಿನ ಲೋಟ ತಂದೆ. ಒಂದಕ್ಕೆ ಅಂಗಡಿಯ ಬಾಟಲಿ ನೀರು, ಇನ್ನೊಂದಕ್ಕೆ ನಮ್ಮ ಬೋರ್‌ವೆಲ್ ನೀರು, ಮತ್ತೊಂದಕ್ಕೆ ಬೋರ್‌ವೆಲ್ ನೀರಿಗೆ ಒಂದು ಚಮಚ ಕಾಂಪ್ಲೆಕ್ಸ್ ಗೊಬ್ಬರ ಕರಗಿಸಿ ಹುಯ್ದೆ. ಮೂರಕ್ಕೂ ಅಷ್ಟಷ್ಟೇ ಹರಳು. ಊಟ ಮಾಡಿ ಬಂದು ನೋಡಿದರೆ ಬಾಟಲಿ ನೀರಿನ ಲೋಟ ತುಂಬಿ ತುಳುಕುತ್ತಿತ್ತು. ಬೋರ್‌ವೆಲ್ ನೀರಿನದು ಕಾಲುಭಾಗಕ್ಕೆ ಸುಸ್ತಾಗಿತ್ತು. ಗೊಬ್ಬರ ಕರಗಿಸಿದ್ದರಲ್ಲಿ ಹರಳು ತಳದಲ್ಲೇ ಮುದುಡಿಕೊಂಡಿತ್ತು.

ನಮ್ಮ ಕೊಳವೆಬಾವಿ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಸಾವಿರ ಅಡಿಯ ಕೆಳಗಿಂದ ಬರುವ ಗಡಸು ನೀರು. ಉಪ್ಪಿನಂಶ ಹೆಚ್ಚಾದ ನೀರಿನಲ್ಲಿ ಜೆಲ್ ಉಬ್ಬುವುದಿಲ್ಲ. ಗೊಬ್ಬರವೂ ಒಂದು ಉಪ್ಪೇ. ಗಡಸು ನೀರಿನ ಪಾಠ ವರ್ಷ ವರ್ಷವೂ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು, ಅದಕ್ಕೆ ಬೇಕಾದ ಸೋಪಿನ ದ್ರಾವಣ ಕಲಸಿ ಕೊಡುತ್ತಿದ್ದವನೂ ನಾನೇ. ಬಿಳಿ ಶೂ ಬ್ಯಾಗಿನಲ್ಲಿ ಬಾಟಲಿ ಇಟ್ಟುಕೊಂಡು ಊರೂರು ತಿರುಗುವುದು ಬಾಯಾರಿಕೆಗಲ್ಲ ಎಂಬುದು ಆ ಮೂರು ಲೋಟದ ಮುಂದೆ ಕೂತಾಗ ಗೊತ್ತಾಯಿತು. ಅವನ ಮೇಲೆ ಬಂದ ಸಿಟ್ಟು ಅರ್ಧ, ನನ್ನ ಮೇಲೆ ಬಂದ ಅಸಹ್ಯ ಅರ್ಧ.

ಹೆಂಡತಿ ಇದ್ಯಾವುದಕ್ಕೂ ಕಾಯಲಿಲ್ಲ. ಅಪ್ಪಣೆಗಳನ್ನೆಲ್ಲ ಬದುವಿನಾಚೆ ಎಸೆದು, ಜೆಲ್ ಹಾಕಿದ ಸಾಲುಗಳಿಗೂ ಮೊದಲಿನಂತೆ ನೀರು ಬಿಟ್ಟು, ಸಗಣಿ ಗಂಜಲದ ಬಗ್ಗಡ ಹುಯ್ದು, ಡ್ರಿಪ್ಪಿನಲ್ಲಿ ಸ್ವಲ್ಪ ಸ್ವಲ್ಪವೇ ಗೊಬ್ಬರ ಕೊಡಲು ಶುರುಮಾಡಿದಳು.

ಆ ವಾರದಲ್ಲೇ ಒಂದು ಹುಡುಗಿ ಸ್ಕೂಟಿ ನಿಲ್ಲಿಸಿ ಬೋರ್ಡನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. ಮನೆ ದೊಡ್ಡಬಳ್ಳಾಪುರ, ಅಪ್ಪ ಅಮ್ಮ ಪವರ್‌ಲೂಮಿನಲ್ಲಿ ಸೀರೆ ನೇಯುವವರು, ತಾನು ಕಾಲೇಜಿನಲ್ಲಿ ಇದೇ ತರದ ಜೆಲ್ಲಿನ ಮೇಲೆ ಸಂಶೋಧನೆ ಮಾಡುತ್ತಿರುವುದಾಗಿ ಹೇಳಿಕೊಂಡಳು. ಇವಳೂ ಫೋಟೋಗೆ ಬಂದಳು ಅಂದುಕೊಂಡು, "ಟೊಮ್ಯಾಟೊ ನೀನೇ ತಂದಿದೀಯೇನಮ್ಮಾ?" ಎಂದು ಕೊಂಕು ಆಡಿದೆ. ಅವಳಿಗೆ ಅರ್ಥವಾಗಲಿಲ್ಲ. ಚಪ್ಪಲಿ ಬಿಟ್ಟು ಸಾಲಿನೊಳಕ್ಕೆ ಇಳಿದು, ಬೆರಳಿನಿಂದ ಮಣ್ಣು ಕೆದಕಿ ಹರಳು ತೆಗೆದು ಹಿಸುಕಿದಳು. ಆಮೇಲೆ ಪೊಟ್ಟಣ ಕೇಳಿ ತಗೊಂಡು, ಹಸಿರೆಲೆಯ ಚಿತ್ರದ ಪಕ್ಕದ ಸಣ್ಣ ಅಕ್ಷರಗಳನ್ನೆಲ್ಲ ಓದಿದಳು.

"ಅಂಕಲ್, ಮಣ್ಣಲ್ಲಿ ಕರಗತ್ತೆ ಅಂತ ಹಾಕಿದಾರೆ, ಯಾವುದರಿಂದ ಮಾಡಿದ್ದು ಅಂತ ಹಾಕೇ ಇಲ್ಲ. ನೋಡಿದ್ರೆ ಮಕ್ಕಳ ಡೈಪರ್ ಒಳಗಿರತ್ತಲ್ಲ, ಆ ಜಾತಿ ಥರ ಇದೆ. ಅದು ಬೇಗ ಕರಗೋದಲ್ಲ."

ನಾನು ಅವತ್ತೇ ದೇವನಹಳ್ಳಿಗೆ ಹೋಗಿ ಮೆಡಿಕಲ್ ಸ್ಟೋರಿನಲ್ಲಿ ಡೈಪರ್ ಕೇಳಿದೆ. "ಮಗೂಗೆ ಎಷ್ಟು ತಿಂಗಳು?" ಎಂದು ಕೇಳಿದ ಅಂಗಡಿಯವನು. "ಟೊಮ್ಯಾಟೊಗೆ, ನಲವತ್ತು ದಿನ," ಅಂದೆ. ಮನೆಗೆ ತಂದು ಬ್ಲೇಡಿನಿಂದ ಸೀಳಿ ಹತ್ತಿಯೊಳಗಿನ ಹರಳು ಉದುರಿಸಿದೆ. ಬಾಟಲಿ ನೀರು ಹಾಕಿದೆ, ಉಬ್ಬಿತು. ಉಪ್ಪು ಹಾಕಿದೆ, ಸೊರಗಿತು. ಪೊಟ್ಟಣದ ಹರಳಿಗೂ ಇದಕ್ಕೂ ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ.

ಹುಡುಗಿ ಮಾತ್ರ ಅಷ್ಟಕ್ಕೆ ಒಪ್ಪಲಿಲ್ಲ. "ನೋಡೋಕೆ ಒಂದೇ ಥರ ಇದ್ರೆ ಒಂದೇ ಅಂತ ಅಲ್ಲ ಅಂಕಲ್. ನಮ್ಮದೂ ಉಪ್ಪಿಗೆ ಸೊರಗತ್ತೆ. ಹೂತು ನೋಡೋಣ," ಅಂದಳು. ಅವಳ ಜೆಲ್ ಪಿಷ್ಟದಿಂದಲೂ ಸಮುದ್ರದ ಪಾಚಿಯಿಂದಲೂ ಮಾಡಿದ್ದು, ಬಣ್ಣ ಹಳೇ ಬೆಲ್ಲದಂತೆ. ನೈಲಾನ್ ಬಲೆಯ ಪುಟ್ಟ ಚೀಲಗಳಲ್ಲಿ ಅವಳದ್ದನ್ನೂ ಕಂಪನಿಯದ್ದನ್ನೂ ತುಂಬಿ, ತಿಪ್ಪೆಗೊಬ್ಬರ ಬಿದ್ದಿದ್ದ ಜಾಗದಲ್ಲಿ ಅಕ್ಕಪಕ್ಕ ಹೂತೆವು. ಗುರುತಿಗೆ ಕಡ್ಡಿ ನೆಟ್ಟಳು. ಮಧ್ಯೆ ಎರಡು ಸಲ ಬಂದು ಮಣ್ಣಿನ ತೇವ ನೋಡಿಕೊಂಡು ಹೋದಳು. ಬಂದಾಗೆಲ್ಲ ಹೆಂಡತಿಯ ಜೊತೆ ಕಳೆ ಕೀಳುತ್ತ ಮಾತಾಡುವಳು. ನನ್ನ ಜೊತೆ ಅಷ್ಟಕ್ಕಷ್ಟೆ. ಬೋರ್ಡಿನ ಮೇಲಿದ್ದವನ ಮೇಲೆ ನಂಬಿಕೆ ಹುಟ್ಟುವುದು ಕಷ್ಟವೇ.

ಒಂದೂವರೆ ತಿಂಗಳಾದ ಮೇಲೆ ಅಗೆದೆವು. ಅವಳ ಚೀಲದೊಳಗೆ ಕಂದು ಬಣ್ಣದ ಲೋಳೆ ಸ್ವಲ್ಪ, ಒಂದು ಎರೆಹುಳು, ಉಳಿದದ್ದು ಮಣ್ಣು. ಕಂಪನಿಯ ಚೀಲವನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದರೆ ಹರಳುಗಳು ನಾಳೆ ಮದುವೆಗೆ ಹೋಗುವ ಹಾಗೆ ಮಿರಮಿರ ಮಿಂಚುತ್ತಿದ್ದವು. ಹುಡುಗಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಗೆದ್ದ ಮುಖ ಮಾಡಲಿಲ್ಲ. "ಕರಗಿದ್ದೇನೋ ಸರಿ ಆಂಟಿ. ನಿಮ್ ನೀರಲ್ಲಿ ನಮ್ಮದೂ ಅರ್ಧದಷ್ಟೇ ಉಬ್ಬತ್ತೆ. ಅದನ್ನ ಏನ್ ಮಾಡೋದೋ ಗೊತ್ತಿಲ್ಲ," ಎಂದು ನನ್ನ ಹೆಂಡತಿಗೆ ಹೇಳಿದಳು. ತನ್ನ ಸರಕಿನ ಕೊರತೆಯನ್ನು ಕೇಳುವ ಮೊದಲೇ ಹೇಳಿದವರು ಅಂತ ಆ ಬೆಳೆಯಲ್ಲಿ ನಾನು ಕಂಡದ್ದು ಇವಳೊಬ್ಬಳನ್ನೇ.

ಅಷ್ಟೊತ್ತಿಗೆ ತೋಟ ಚೇತರಿಸಿಕೊಂಡಿತ್ತು. ಹೆಂಡತಿಯ ಆರೈಕೆಗೆ ಹಳದಿ ಹೋಗಿ, ಗಿಡ ಚಿಗುರಿ, ಹಣ್ಣು ಕೆಂಪಾಗತೊಡಗಿತ್ತು. ಸುದ್ದಿ ಮೂಗಿಗೆ ಬಡಿದವನಂತೆ ಬಿಳಿ ಶೂ ಪ್ರತ್ಯಕ್ಷನಾದ. ಹೊಲವನ್ನು ರಸ್ತೆಯಿಂದಲೇ ನೋಡಿ, "ಹೇಳಿಲ್ವಾ ಸಾರ್, ತಾಳ್ಮೆ ಅಂತ!" ಅಂದ. ಕ್ಷೇತ್ರೋತ್ಸವ ಇಟ್ಟುಕೊಂಡೇಬಿಟ್ಟ. ಶಾಮಿಯಾನ, ಕುರ್ಚಿ, ಮೈಕು, ಮೇಜಿನ ಮೇಲೆ ಮತ್ತೆ ಗಾಜಿನ ಲೋಟ. ಬೂದಿಗೆರೆ, ಆವತಿ ಕಡೆಯಿಂದೆಲ್ಲ ರೈತರನ್ನು ವ್ಯಾನುಗಳಲ್ಲಿ ತುಂಬಿಸಿ ತಂದಿದ್ದರು. ವೇದಿಕೆಯ ಮೇಲೆ ಸೂಟು ಹಾಕಿದವರು ನಾಲ್ಕು ಜನ. ಅದರಲ್ಲೊಬ್ಬರು ಮಣ್ಣು ನಮ್ಮ ತಾಯಿ ಎಂದು ಗದ್ಗದರಾಗಿ, ಕೆಳಗಿಳಿಯುವಾಗ ತಾಯಿ ಪ್ಯಾಂಟಿಗೆ ಅಂಟಿದಳೆಂದು ಕರ್ಚೀಫಿನಿಂದ ಒರೆಸಿಕೊಂಡರು.

ನನ್ನ ಸರದಿ ಬಂತು. ಹೇಳಬೇಕಾದ ಮಾತು ಒಂದು ಹಾಳೆಯಲ್ಲಿ ಟೈಪು ಮಾಡಿ ಕೊಟ್ಟಿದ್ದರು. 'ನನ್ನ ಬದುಕು ಬದಲಾಯಿತು' ಎಂದು ಶುರು. ಹಾಳೆ ಮಡಿಸಿ ಜೇಬಿಗಿಟ್ಟೆ. ಮೈಕನ್ನು ಎರಡೂ ಕೈಯಲ್ಲಿ ಹಿಡಿದೆ. ಜೀವಮಾನವೆಲ್ಲ ವೇದಿಕೆಯ ಹಿಂದೆ ಮೇಜು ಒರೆಸಿದವನಿಗೆ ವೇದಿಕೆ ಮೇಲೆ ಸತ್ಯ ಹೇಳುವ ಅಭ್ಯಾಸವೆಲ್ಲಿಂದ ಬರಬೇಕು?

"ಈ ಗಿಡ ಈಗ ಇಷ್ಟು ಚೆನ್ನಾಗಿರೋದು ನನ್ ಹೆಂಡ್ತಿಯಿಂದ," ಅಂದೆ. "ಜೆಲ್ ನಂಬ್ಕೊಂಡಿದ್ದಿದ್ರೆ ನೀವೆಲ್ಲ ಇವತ್ತು ಒಣಗಿದ ಕಡ್ಡಿ ನೋಡೋಕೆ ಬರ್ತಿದ್ರಿ. ಅಗೋ ಆ ಬೋರ್ಡಲ್ಲಿ ನಾನು ಹಿಡ್ಕೊಂಡಿರೋ ಹಣ್ಣು ನಮ್ ಹೊಲದ್ದಲ್ಲ, ಮಾರ್ಕೆಟ್ದು. ನಿಮಗೆ ತೋರಿಸೋ ಲೋಟದಲ್ಲಿರೋದು ಬಾಟ್ಲಿ ನೀರು. ನಿಮ್ಮೂರ ಬೋರ್ ನೀರು ಹಾಕಿ ತೋರಿಸಿ ಅಂತ ಕೇಳಿ."

ಅಷ್ಟರಲ್ಲಿ ಮೈಕು ಸತ್ತಿತು. ನಾನು ನಮ್ಮ ಬೋರ್ ನೀರು ಒಂದು ಚೊಂಬು ತರಿಸಿ ಮೇಜಿನ ಮೇಲಿಟ್ಟು, ಒಂದು ಮುಷ್ಟಿ ಹರಳು ಸುರಿದೆ. ಪಕ್ಕದಲ್ಲಿ ತಿಪ್ಪೆಯಿಂದ ಅಗೆದ ಕಂಪನಿಯ ಚೀಲವನ್ನೂ ಬಿಚ್ಚಿಟ್ಟೆ. ಬಿಳಿ ಶೂ ನಗುನಗುತ್ತಲೇ ನನ್ನ ಮುಂದೆ ಅಡ್ಡ ಬಂದು, "ಹಿರಿಯರು ಸ್ವಲ್ಪ ಭಾವುಕರಾಗಿದಾರೆ. ಊಟ ರೆಡಿ ಇದೆ, ಎಲ್ಲರೂ ಬನ್ನಿ," ಎಂದು ಮೈಕಿಲ್ಲದೆಯೇ ಕೂಗಿದ.

ಜನ ಎದ್ದರು. ನನ್ನ ಚೊಂಬನ್ನು ದಾಟಿಕೊಂಡು ಹೋದರು. ಸತ್ಯಕ್ಕೂ ಬಿರಿಯಾನಿಗೂ ಸ್ಪರ್ಧೆ ಏರ್ಪಡಿಸಿದರೆ ಏನಾಗುತ್ತದೆಂದು ನೋಡಬೇಕಾದವರು ಅವತ್ತು ನಮ್ಮ ಹೊಲಕ್ಕೆ ಬರಬೇಕಿತ್ತು. ಊಟ ಮುಗಿಸಿ ಹೋಗುವಾಗ ಒಬ್ಬೊಬ್ಬರೂ ಪುಕ್ಕಟೆ ಪೊಟ್ಟಣ ತಗೊಂಡು ಕಂಕುಳಿಗೆ ಸಿಕ್ಕಿಸಿಕೊಂಡರು. ಕೆಲಸಕ್ಕೆ ಬರುವುದಿಲ್ಲ ಎಂದು ಈಗತಾನೆ ಕೇಳಿಸಿಕೊಂಡವರೇ ಎರಡೆರಡು ಕೇಳಿದರು. ಒಬ್ಬ ಪರಿಚಯಸ್ಥ ನನ್ನ ಹೆಗಲು ತಟ್ಟಿ, "ಯಾಕ್ ಗುರು, ಊಟ ಹಾಕಿದೋರ್ ಮೇಲೆ ಹಂಗೆಲ್ಲ ಮಾತಾಡ್ಬಾರ್ದು," ಎಂದು ಬುದ್ಧಿ ಹೇಳಿದ.

ಹೋಗದೆ ಉಳಿದವಳು ಬೂದಿಗೆರೆ ಕಡೆಯ ಒಬ್ಬ ಹೆಂಗಸು. ಮೇಜಿನ ಮುಂದೆ ಕೂತು ಚೊಂಬಿನೊಳಗೇ ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ ಕೈ ಹಾಕಿ ಹರಳು ಎತ್ತಿ, "ಉಬ್ಲಿಲ್ಲ," ಅಂದಳು. ಆಮೇಲೆ ನನ್ನನ್ನು ನೋಡಿ, "ಮಳೆ ನೀರಾದ್ರೆ ಉಬ್ಬತ್ತಾ ಅಣ್ಣಾ?" ಎಂದಳು. ಅದನ್ನು ನಾವಿನ್ನೂ ಹಾಕಿ ನೋಡಿರಲಿಲ್ಲ. ಇಷ್ಟು ಜನರ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಕಂಪನಿಯವರು ಬೋರ್ಡು ತೆಗೆಯಲು ಬರಲಿಲ್ಲ. ಎಷ್ಟು ಸಲ ಫೋನು ಮಾಡಿದರೂ ನಾಳೆ ನಾಳೆ ಅಂದರು. ಕೊನೆಗೆ ಹೆಂಡತಿಯೇ ಏಣಿ ಹಾಕಿ, ಕುಡುಗೋಲಿನಿಂದ ಆ ಫ್ಲೆಕ್ಸನ್ನು ನನ್ನ ಮುಖದ ಸಮೇತ ಕತ್ತರಿಸಿ ಇಳಿಸಿ, ದನದ ಕೊಟ್ಟಿಗೆಯ ಸೂರಿಗೆ ಹೊದಿಸಿದಳು. ಬಿಳಿ ಶೂ ಈಗ ಔಷಧಿ ಹೊಡೆಯುವ ಡ್ರೋನು ತೋರಿಸಿಕೊಂಡು ನೆಲಮಂಗಲದ ಕಡೆ ತಿರುಗುತ್ತಿದ್ದಾನೆ ಎಂದು ಕೇಳಿದೆ. ಅವನಿಗೆ ಅದೇ ಸರಿ. ಹೊಲಕ್ಕೆ ಕಾಲಿಡದೆ ಮಾಡುವ ಬೇಸಾಯ ಕೊನೆಗೂ ಸಿಕ್ಕಿತು.

ಮುಂದಿನ ಬೆಳೆಗೆ ಹುಡುಗಿ ತನ್ನ ಜೆಲ್ ತಂದಳು. ಎಂಟು ಸಾಲು ಹುರುಳಿಕಾಯಿ. ಎರಡಕ್ಕೆ ಜೆಲ್ಲು, ಬೋರ್ ನೀರು. ಎರಡಕ್ಕೆ ಜೆಲ್ಲು, ಕೃಷಿಹೊಂಡದಲ್ಲಿ ಹಿಡಿದಿಟ್ಟ ಮಳೆ ನೀರು. ಉಳಿದ ನಾಲ್ಕರಲ್ಲಿ ಜೆಲ್ಲಿಲ್ಲ, ಎರಡಕ್ಕೆ ಬೋರ್ ನೀರು, ಎರಡಕ್ಕೆ ಮಳೆ ನೀರು. ಈ ಸಲ ನಾನು ಲ್ಯಾಬಿನಲ್ಲಿದ್ದಂತೆ ಅಳತೆಗಳನ್ನು ನೋಡಿಕೊಂಡೆ, ಯಾರಿಗೂ ಸುಮ್ಮನಿರು ಅನ್ನಲಿಲ್ಲ. ಜೆಲ್ ಹಾಕಿ ಮಳೆ ನೀರು ಕೊಟ್ಟ ಸಾಲುಗಳು ಬಿಸಿಲು ಜೋರಿದ್ದ ದಿನಗಳಲ್ಲೂ ಬಾಡದೆ ನಿಂತವು, ಗೊಬ್ಬರ ಒಂದೆರಡು ಸಲ ಕಡಿಮೆ ಕೊಟ್ಟರೂ ನಡೆಯಿತು. ಜೆಲ್ಲಿಗೆ ಬೋರ್ ನೀರು ಕೊಟ್ಟಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಬದುಕು ಬದಲಾಯಿತು ಅನ್ನುವಂಥದ್ದು ಯಾವ ಸಾಲಿನಲ್ಲೂ ಇರಲಿಲ್ಲ.

ಜೆಲ್ಲಿಗೆ ಬೋರ್ ನೀರು ಕೊಟ್ಟ ಆ ಎರಡು ಸಾಲಿನ ವಿಷಯ ಬರೆಯುವುದು ಬೇಡ, ಚೆನ್ನಾಗಿ ಬಂದದ್ದನ್ನಷ್ಟೇ ಹಾಕು ಎಂದು ಅವಳ ಕಾಲೇಜಿನಲ್ಲಿ ಯಾರೋ ದೊಡ್ಡವರು ಸೂಚಿಸಿದರಂತೆ. ಅಲ್ಲೂ ಬಾಟಲಿ ನೀರು ಕುಡಿದು ಬೆಳೆದವರೇ ಇದ್ದಾರೆ. ಹುಡುಗಿ ಒಂದು ದಿನ ಬರೆದು ಮುಗಿಸಿದ ಪ್ರಬಂಧದ ಹಾಳೆಗಳನ್ನು ಹಿಡಿದುಕೊಂಡು ಬಂದಳು. ಹೆಂಡತಿ ಅವರೆಕಾಯಿ ಬಿಡಿಸುತ್ತ ಕೂತಿದ್ದವಳು ತಲೆ ಎತ್ತದೆ, "ನಮ್ ನೀರ್ ವಿಷ್ಯ ಬರ್ದೆಯೇನೇ?" ಎಂದು ಕೇಳಿದಳು.

"ಬರ್ದಿದೀನಿ ಆಂಟಿ. ಅದಕ್ಕೇ ಕಾಲೇಜಲ್ಲಿ ಇನ್ನೂ ಸಹಿ ಆಗಿಲ್ಲ."

"ಆಗ್ದಿದ್ರೆ ಇರ್ಲಿ ಬಿಡು, ಕೂತ್ಕೋ," ಅಂದು ಹೆಂಡತಿ ಮೊರವನ್ನು ಅವಳ ಕಡೆಗೆ ಸರಿಸಿದಳು. ನಾನು ಎದ್ದು ಪಂಪು ಹಾಕಲು ಹೋದೆ.